ಕನ್ನಡಕ ತೆಗೆದಿಟ್ಟ ಸಂಜೆಗಳು

ಮಬ್ಬಿ ಎಂಬುದು ಮೊಮ್ಮಗಳಿಗೆ ಅಜ್ಜಿ ಇಟ್ಟ ಅಡ್ಡಹೆಸರು. ಚಿಕ್ಕಂದಿನಲ್ಲಿ ಅವಳು ಬಾಗಿಲು ಎಂದುಕೊಂಡು ಕಿಟಕಿಯತ್ತ ನಡೆಯುತ್ತಿದ್ದಳು, ಅತ್ತೆ ಬಂದರು ಎಂದು ಪರದೆಯನ್ನು ಮಾತಾಡಿಸುತ್ತಿದ್ದಳು. ಕನ್ನಡಕದಂಗಡಿಯವನ ಮಗಳಿಗೇ ದೂರದ್ದು ಕಾಣುವುದಿಲ್ಲ ಎಂಬುದು ಆ ಮನೆಯವರಿಗೆ ಗೊತ್ತಾಗಲು ಬಹಳ ಕಾಲ ಹಿಡಿಯಿತು. ಗೊತ್ತಾದ ದಿನ ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಮರುದಿನ ಅಂಗಡಿಯಲ್ಲಿದ್ದ ಅತಿ ಚಿಕ್ಕ ಫ್ರೇಮನ್ನು ತಾನೇ ಬಿಸಿ ಮಾಡಿ, ಬಗ್ಗಿಸಿ, ಅವಳ ಕಿವಿಗೆ ಕೂರಿಸಿದ. ಅವಳು ಮೊದಲು ಕೇಳಿದ್ದು, "ಅಪ್ಪಾ, ನಿನ್ನ ಮುಖದ ಮೇಲೆ ಇಷ್ಟೊಂದು ಗೆರೆ ಯಾವಾಗ ಬಂತು?" ಎಂದು.

ಅಂಗಡಿ ಕೆಳಗೆ, ಮನೆ ಮೇಲೆ. ಅಂಗಡಿಯ ಗೋಡೆಗಳ ತುಂಬ ಯಾರ ಮೂಗನ್ನೂ ಏರದ ಕನ್ನಡಕಗಳು ಸಾಲಾಗಿ ಕೂತು ಬೀದಿಯನ್ನು ನೋಡುತ್ತಿದ್ದವು. ಇಳಿಬಿಸಿಲು ಒಳಗೆ ಬಂದಾಗ ಆ ಗಾಜುಗಳಿಂದ ಚಿಮ್ಮಿದ ಬೆಳಕಿನ ಚುಕ್ಕೆಗಳು ಚಾವಣಿಯ ಮೇಲೆ ಮೀನಿನ ಹಾಗೆ ತೇಲಾಡುತ್ತಿದ್ದವು. ಅಪ್ಪ ಪುಟ್ಟ ಸ್ಕ್ರೂಡ್ರೈವರು ಹಿಡಿದು ಅವುಗಳ ನಡುವೆ ತಲೆ ತಗ್ಗಿಸಿ ಕೂತಿರುತ್ತಿದ್ದ. ಅಮ್ಮನ ಕೆಲಸ ರೈಲು ನಿಲ್ದಾಣದಲ್ಲಿ. ಯಾವ ಗಾಡಿ ಎಲ್ಲಿಂದ ಬರುತ್ತದೆ, ಎಷ್ಟು ತಡ, ಯಾವ ಪ್ಲಾಟ್‌ಫಾರ್ಮು ಎಂದು ಮೈಕಿನಲ್ಲಿ ಹೇಳುವ ದನಿ ಅವಳದು. ಗಾಳಿ ಈ ಕಡೆ ಬೀಸಿದರೆ ಆ ದನಿ ಮನೆಯ ಮಹಡಿಗೂ ಕೇಳುತ್ತಿತ್ತು. ಹಾಗೆ ಕೇಳಿದಾಗೆಲ್ಲ ಅಪ್ಪ, "ನೋಡು, ನಿಮ್ಮಮ್ಮ ಊರಿಗೆಲ್ಲಾ ಬುದ್ಧಿ ಹೇಳ್ತಿದ್ದಾಳೆ" ಎನ್ನುತ್ತಿದ್ದ.

ಕನ್ನಡಕ ಬಂದ ಮೇಲೂ ಮಬ್ಬಿ ಒಂದು ಗುಟ್ಟಿನ ಸುಖವನ್ನು ಉಳಿಸಿಕೊಂಡಿದ್ದಳು. ಸಂಜೆ ಮಹಡಿಯ ಮೇಲೆ ಒಬ್ಬಳೇ ನಿಂತು ಕನ್ನಡಕ ತೆಗೆದುಬಿಡುತ್ತಿದ್ದಳು. ಆಗ ಬೀದಿಯ ಒಂದೊಂದು ದೀಪವೂ ಉಬ್ಬಿ, ಅರಳಿ, ಅಂಗೈಯಗಲದ ಹೂವಾಗುತ್ತಿತ್ತು. ಸೈಕಲ್ಲಿನವನು ಗಾಳಿಯಲ್ಲಿ ಕರಗಿಹೋಗುತ್ತಿದ್ದ. ಎದುರುಮನೆಯವರು ಒಣಹಾಕಿದ ಕೆಂಪು ಚಾದರ ಪಕ್ಕದ ಹಳದಿ ಗೋಡೆಯೊಳಕ್ಕೆ ಮೆಲ್ಲನೆ ಇಳಿಯುತ್ತಿತ್ತು. ನೀರಿನಡಿ ಕೂತು ಊರನ್ನು ನೋಡಿದ ಹಾಗೆ. ಅಮ್ಮನ ದನಿ ದೂರದಿಂದ ಯಾವುದೋ ಗಾಡಿಯನ್ನು ಕರೆಯುತ್ತಿದ್ದರೆ, ಆ ಗಾಡಿಯೂ ಇದೇ ನೀರಿನೊಳಗೆ ಈಜಿಕೊಂಡು ಬರುತ್ತಿದೆ ಎಂದು ಅವಳಿಗೆ ಅನಿಸುತ್ತಿತ್ತು.

ಹಗಲು ಕನ್ನಡಕ ಹಾಕಿಕೊಂಡು ಗಿರಾಕಿಗಳ ಮೂಗು ಬರೆಯುತ್ತಿದ್ದಳು. ಅಪ್ಪನಿಗೆ ಅದರಲ್ಲಿ ಬಲು ಮೋಜು. "ಇದು ಬ್ಯಾಂಕಿನವ್ರ ಮೂಗು. ಇದು ದರ್ಜಿಯದು, ಇದಕ್ಕೆ ಯಾವ ಫ್ರೇಮೂ ನಿಲ್ಲಲ್ಲ" ಎಂದು ಗುರುತಿಸಿ ನಗುತ್ತಿದ್ದ. ಮಗಳು ಶಾಲೆ ಮುಗಿಸಿದ ಮೇಲೆ ಕಣ್ಣು ಪರೀಕ್ಷೆಯ ಕೋರ್ಸು ಮಾಡಿ ತನ್ನ ಪಕ್ಕ ಕೂರುತ್ತಾಳೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಅಂಗಡಿಯ ಬೋರ್ಡು ಹೊಸದಾಗಿ ಬರೆಸಿದಾಗ ತನ್ನ ಹೆಸರಿನ ಪಕ್ಕ ಒಂದಿಷ್ಟು ಜಾಗ ಖಾಲಿ ಬಿಡಿಸಿದ್ದ.

ಶಾಲೆಯ ಕೊನೆಯ ವರ್ಷ, ಒಂದು ಬೆಳಿಗ್ಗೆ ಮಬ್ಬಿ ಬಾಯಿಬಿಟ್ಟಳು.

"ಅಮ್ಮಾ, ನಾನು ಆ ಕೋರ್ಸಿಗೆ ಹೋಗಲ್ಲ. ಕಲಾಶಾಲೆಗೆ ಹೋಗ್ತೀನಿ."

ಕೆಲಸಕ್ಕೆ ಹೊರಡುತ್ತಿದ್ದ ಅಮ್ಮ ಹೇರ್‌ಪಿನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು. ಅದನ್ನು ತೆಗೆದು, "ನಿಮ್ಮಪ್ಪನ್ನ ಕೇಳು" ಎಂದಳು. ಮಬ್ಬಿ ಕೆಳಗಿಳಿದು ಅಪ್ಪನಿಗೆ ಹೇಳಿದಳು. ಅವನು ಷೋಕೇಸಿನ ಗಾಜು ಒರೆಸುತ್ತಲೇ, "ನಿಮ್ಮಮ್ಮನ್ನ ಕೇಳು" ಎಂದ. ಹತ್ತಿ ಇಳಿದು ಸುಸ್ತಾದ ಮೇಲೆ ಮಬ್ಬಿ ಮೆಟ್ಟಿಲ ನಡುವೆ ನಿಂತು, "ಇಬ್ರೂ ಇಲ್ಲಿಗೇ ಬನ್ನಿ. ನನ್ನ ಕಾಲು ನೋಯ್ತಿದೆ" ಎಂದು ಕೂಗಿದಳು.

ಬಂದರು. ಅಮ್ಮ ಮೇಲಿನ ಮೆಟ್ಟಿಲಲ್ಲಿ, ಅಪ್ಪ ಕೆಳಗಿನದರಲ್ಲಿ.

"ಚಿತ್ರ ಬರೀಬೇಡ ಅಂತ ಯಾರಾದ್ರೂ ಅಂದ್ರಾ?" ಅಮ್ಮ ಶುರು ಮಾಡಿದಳು. "ಭಾನುವಾರ ಬರಿ, ಬಿಡುವಾದಾಗ ಬರಿ. ಅದನ್ನೇ ನೆಚ್ಕೊಂಡು ಹೊರಟ್ರೆ ಹೇಗೆ? ನಿನ್ನ ಪವರ್ ವರ್ಷಾ ವರ್ಷಾ ಏರ್ತಾನೇ ಇದೆ. ನಾಳೆ ಕಣ್ಣೇ ಕೈಕೊಟ್ರೆ ಏನ್ ಮಾಡ್ತೀಯಾ? ಸರಿಯಾಗಿ ಕಾಣದೋರಿಗೆ ಚಿತ್ರ ಯಾಕೆ ಬೇಕು ಹೇಳು."

ಮಾತು ಹೊರಗೆ ಬಂದ ಮೇಲೆ ಅವಳಿಗೇ ಚುರುಕ್ಕೆಂದಿತು. ಅಪ್ಪ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ.

ಮಬ್ಬಿಯ ಪರವಾಗಿ ಮಾತಾಡಲು ಶಾಲೆಯ ಡ್ರಾಯಿಂಗ್ ಮೇಷ್ಟ್ರು ಒಂದು ದಿನ ಅಂಗಡಿಗೇ ಬಂದರು. ಸಂಕೋಚದ ಮನುಷ್ಯ. ಮೂಗಿನ ಮೇಲೆ ಕನ್ನಡಕ ವಾಲಿಕೊಂಡು ಕೂತಿತ್ತು.

"ನಿಮ್ಮ ಹುಡುಗಿ ಕೈಯಲ್ಲಿ ಏನೋ ಇದೆ ಸಾರ್..."

"ಮೇಷ್ಟ್ರೇ, ಎಡಗಡೆ ಕಡ್ಡಿ ಸಡಿಲ ಆಗಿದೆ. ಕೊಡಿ ಇಲ್ಲಿ."

ಕೊಟ್ಟರು. ಕನ್ನಡಕವಿಲ್ಲದೆ ಮೇಷ್ಟ್ರಿಗೆ ಯಾರ ಮುಖ ನೋಡಿ ಮಾತಾಡಬೇಕೆಂದು ತಿಳಿಯಲಿಲ್ಲ. ಕಲೆ, ಸಾಧನೆ, ಭವಿಷ್ಯ ಎಂದೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಗೋಡೆಯ ಗಡಿಯಾರಕ್ಕೆ ಹೇಳಿ ಮುಗಿಸಿದರು. ಅಪ್ಪ ತಿರುಪು ಬಿಗಿ ಮಾಡಿ, ಮೂಗಿನ ಪ್ಯಾಡು ಬದಲಿಸಿ, ಉಸಿರೂದಿ ಒರೆಸಿ, ತಾನೇ ಅವರ ಕಿವಿಗೆ ಸಿಕ್ಕಿಸಿದ. "ಈಗ ಹೇಗಿದೆ?" "ಆಹಾ, ಬಹಳ ಚೆನ್ನಾಗಿದೆ ಸಾರ್" ಎಂದು ಮೇಷ್ಟ್ರು ಕೈಮುಗಿದು ಹೊರಟೇಹೋದರು. ಬೀದಿಯ ತಿರುವಿಗೆ ಹೋದ ಮೇಲೆ ಬಂದ ಕೆಲಸ ನೆನಪಾಗಿ ಒಮ್ಮೆ ತಿರುಗಿ ನೋಡಿದರಂತೆ. ಆದರೆ ವಾಪಸು ಬರುವ ಧೈರ್ಯ ಸಾಲಲಿಲ್ಲ.

ಕಲಾಶಾಲೆಗೆ ಸೇರಬೇಕಾದರೆ ತಾನು ಬರೆದ ಕೆಲವು ಚಿತ್ರ ತಂದು ತೋರಿಸಬೇಕಿತ್ತು. ಮಬ್ಬಿ ಹಟ ಹಿಡಿದು ಊಟ ಬಿಡಲಿಲ್ಲ, ಮುಖ ಊದಿಸಿಕೊಂಡು ಕೂರಲೂ ಇಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಖಾಲಿ ಪೆಟ್ಟಿಗೆಗಳ ನಡುವೆ ಜಾಗ ಮಾಡಿಕೊಂಡು ಬರೆಯತೊಡಗಿದಳು. ಮೂಗುಗಳನ್ನು ಬರೆದಳು, ಬೆಂಚು ಬರೆದಳು, ಅಪ್ಪನ ಬಾಗಿದ ಬೆನ್ನನ್ನು ಬರೆದಳು. ಎಲ್ಲವೂ ಅಚ್ಚುಕಟ್ಟಾಗಿದ್ದವು. ಯಾವುದೂ ಅವಳಿಗೆ ತನ್ನದು ಅನಿಸಲಿಲ್ಲ. ಕೊನೆಗೆ ಒಂದು ಸಂಜೆ ದೊಡ್ಡ ಹಾಳೆಯೊಂದನ್ನು ಬೀದಿ ಕಾಣುವ ಕಿಟಕಿಯ ಪಕ್ಕ ಆನಿಸಿ, ಕನ್ನಡಕ ತೆಗೆದು ಪಕ್ಕಕ್ಕಿಟ್ಟಳು. ಬಣ್ಣವನ್ನು ನೀರಿನಲ್ಲಿ ತೇಲಿಬಿಟ್ಟು, ತನಗೆ ಕಂಡ ಹಾಗೆಯೇ ಬೀದಿಯನ್ನು ಬರೆಯತೊಡಗಿದಳು. ಕೆಲವು ಸಂಜೆ ಹೀಗೇ ಸಾಗಿತು. ಅವಳು ಹಾಳೆಗೆ ಮೂಗು ತಾಗುವಷ್ಟು ಬಗ್ಗಿ, ಒಂದು ದೀಪದ ಸುತ್ತ ಬೆಳಕು ಎಲ್ಲಿಗೆ ಮುಗಿದು ಕತ್ತಲು ಎಲ್ಲಿ ಶುರುವಾಗುತ್ತದೆಂದು ಹುಡುಕುತ್ತಿದ್ದಾಗ ಅಪ್ಪ ಒಳಗೆ ಬಂದ.

"ಕನ್ನಡಕ ಎಲ್ಲಿ?"

"ಅಲ್ಲಿದೆ ಅಪ್ಪಾ. ಇದಕ್ಕೆ ಬೇಡ."

ಅಪ್ಪ ಚಿತ್ರವನ್ನು ನೋಡಿದ. ಅವನದು ಹದ್ದಿನ ಕಣ್ಣು. ಬದುಕಿನಲ್ಲಿ ಯಾವತ್ತೂ ಕನ್ನಡಕ ಬೇಕಾದವನಲ್ಲ. ಅವನಿಗೆ ಅಲ್ಲಿ ಕಂಡದ್ದು ಕಲೆಸಿಹೋದ ಬಣ್ಣ ಮಾತ್ರ.

"ಜೀವಮಾನ ಎಲ್ಲಾ ಜನಕ್ಕೆ ಸ್ವಚ್ಛವಾಗಿ ಕಾಣಲಿ ಅಂತ ಒದ್ದಾಡಿದೀನಿ ನಾನು. ನನ್ನ ಮಗಳು ನಾನು ಕೊಟ್ಟ ಕಣ್ಣನ್ನ ಪೆಟ್ಟಿಗೆ ಮೇಲೆ ಬಿಸಾಕಿ ಕುರುಡಿ ಥರ ಬರೀತಾಳೆ!"

"ಇದೂ ನನಗೆ ಕಾಣೋದೇ ಅಪ್ಪಾ!"

ಅವರಿಬ್ಬರೂ ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಆ ಹೊತ್ತಿಗೆ ಅಮ್ಮ ಕೆಲಸ ಮುಗಿಸಿ ಬಂದಳು. ಗಲಾಟೆ ಕೇಳಿ ಕೈಚೀಲವನ್ನೂ ಇಳಿಸದೆ ಹಿಂದಿನ ಕೋಣೆಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

ಅಮ್ಮನ ಬಗ್ಗೆ ಅಪ್ಪ ಗಿರಾಕಿಗಳಿಗೆಲ್ಲ ಹೇಳುವ ಒಂದು ಕಥೆ ಇತ್ತು. ಅವನು ಇದೇ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಾಗ, ನಿಲ್ದಾಣದ ಕೆಲಸಕ್ಕೆ ಆಯ್ಕೆಯಾಗಿದ್ದ ಹುಡುಗಿಯೊಬ್ಬಳು ಕಣ್ಣು ತೋರಿಸಲು ಬಂದಳು. ಅವಳಿಗೆ ಹುಟ್ಟಿದಾಗಿನಿಂದ ದೂರದ್ದು ಕಾಣುತ್ತಲೇ ಇರಲಿಲ್ಲ, ಅದು ಅವಳಿಗೇ ಗೊತ್ತಿರಲಿಲ್ಲ. ಮುಸ್ಸಂಜೆಯ ಹೊತ್ತಿಗೆ ಅವನು ಕನ್ನಡಕ ಹಾಕಿ ಹೊರಗೆ ಕರೆದುಕೊಂಡು ಹೋದ. ಅವಳು ಮರ ನೋಡಿದಳು, ಮರಕ್ಕೆ ಬಿಡಿಬಿಡಿ ಎಲೆ ಇರುವುದನ್ನು ನೋಡಿದಳು, ಬೀದಿಯಲ್ಲೇ ನಿಂತು ಅತ್ತುಬಿಟ್ಟಳು. "ಸಂತೋಷಕ್ಕೆ ಅತ್ಳು ಸಾರ್. ಆವತ್ತೇ ಅಂದ್ಕೊಂಡೆ, ಮದುವೆ ಅಂತ ಆದ್ರೆ ಇವಳನ್ನೇ ಅಂತ" ಎಂದು ಮುಗಿಸುವಾಗ ಅಪ್ಪನ ಎದೆ ಉಬ್ಬುತ್ತಿತ್ತು.

ಈಗ ಅಮ್ಮ ಆ ಚಿತ್ರದ ಹತ್ತಿರ ಬಂದು, ಇನ್ನೂ ಹಸಿಯಾಗಿದ್ದ ಒಂದು ದೀಪದ ಮೇಲೆ ಬೆರಳು ಹಿಡಿದಳು, ಮುಟ್ಟಲಿಲ್ಲ.

"ಇದು ನಾನು ನೋಡ್ತಿದ್ದ ಬೀದಿ," ಎಂದಳು. ಮೈಕಿನಲ್ಲಿ ಊರಿಗೆಲ್ಲ ಕೇಳುವ ದನಿ ಆಗ ಪಕ್ಕದಲ್ಲಿ ನಿಂತವರಿಗೂ ಕಷ್ಟದಲ್ಲಿ ಕೇಳಿತು. "ಚಿಕ್ಕವಳಿದ್ದಾಗ ದೀಪ ಅಂದ್ರೆ ಹೀಗೇ ಇರುತ್ತೆ ಅಂದ್ಕೊಂಡಿದ್ದೆ. ರೀ, ಆವತ್ತು ನಾನು ಸಂತೋಷಕ್ಕೆ ಅತ್ತೆ ಅಂತ ನೀವು ಎಲ್ಲರ ಹತ್ರ ಹೇಳ್ತೀರಲ್ಲ. ಅದರಲ್ಲಿ ಅರ್ಧ ಮಾತ್ರ ನಿಜ."

"ಇನ್ನರ್ಧ?"

"ಎಲೆ ಕಾಣಿಸ್ತು, ಸರಿ. ಆದ್ರೆ ಅಷ್ಟರಲ್ಲೇ ದೀಪ ಹತ್ತಿತು, ನೋಡಿದ್ರೆ ಬರೀ ಬಲ್ಬು. ಅಷ್ಟು ದೊಡ್ಡ ಹೂವು ಎಲ್ಲಿ ಹೋಯ್ತು ಅಂತ ಅಳು ಬಂತು. ಯಾರಿಗೆ ಹೇಳ್ಲಿ? ನೀವು ಅಷ್ಟು ಖುಷಿಯಲ್ಲಿ ಪಕ್ಕದಲ್ಲೇ ನಿಂತಿದ್ರಿ."

ಅಪ್ಪ ಪೆಟ್ಟಿಗೆಯ ಮೇಲೆ ಕೂತ. ಅಮ್ಮ ಮಗಳ ಕಡೆ ತಿರುಗಿ, "ಆವತ್ತು ಮೆಟ್ಟಿಲಲ್ಲಿ ನಾನು ಅಂದಿದ್ದು ತಪ್ಪು ಕಣೇ" ಎಂದಳು. "ನೀನು ಹೋಗು. ನಿಮ್ಮಪ್ಪ ಒಪ್ಪಿದ್ರೆ."

ಅಪ್ಪ ಜಪ್ಪಯ್ಯ ಎಂದರೂ ಬಾಯಿ ಬಿಡಲಿಲ್ಲ. ಬೇಜಾರೋ ಕೋಪವೋ ಯಾರಿಗೂ ತಿಳಿಯಲಿಲ್ಲ. ಗಿರಾಕಿಗಳಿಗೆ ಆ ಕಥೆ ಹೇಳುವುದನ್ನು ನಿಲ್ಲಿಸಿದ. ಅಮ್ಮ ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದ, ಮಬ್ಬಿ ಬಂದರೆ ಎದ್ದು ಹೋಗುತ್ತಿದ್ದ. ಹೀಗೇ ಕೆಲವು ದಿನ ಕಳೆದವು. ಒಂದು ಸಂಜೆ ದೀಪ ಹತ್ತುವ ಹೊತ್ತಿಗೆ, ಕಣ್ಣು ಪರೀಕ್ಷೆಗೆಂದು ಇಟ್ಟಿದ್ದ ಗುಂಡನೆಯ ಭಾರದ ಫ್ರೇಮನ್ನು ತೆಗೆದುಕೊಂಡ. ಅದಕ್ಕೆ ಒಂದರ ಮೇಲೊಂದು ದಪ್ಪ ಗಾಜು ಇಳಿಸಿ, ಎಲ್ಲ ಮಸುಕಾಗುವವರೆಗೆ ಇಳಿಸಿ, ಮೂಗಿಗೇರಿಸಿಕೊಂಡು ತಡವರಿಸುತ್ತ ಅಂಗಡಿಯ ಬಾಗಿಲಿಗೆ ಬಂದು ನಿಂತ.

ದಾರಿಯಲ್ಲಿ ಹೋಗುತ್ತಿದ್ದ ದರ್ಜಿ ಗಾಬರಿಯಾಗಿ, "ಏನಣ್ಣಾ, ಕೊನೆಗೂ ನಿನ್ನ ಕಣ್ಣೂ ಹೋಯ್ತಾ?" ಎಂದ.

"ಸುಮ್ನಿರಪ್ಪಾ, ನೋಡ್ತಾ ಇದೀನಿ."

"ಅದನ್ನ ಹಾಕ್ಕೊಂಡು ಏನು ಕಾಣುತ್ತೆ?"

ದರ್ಜಿ ಹೋದ. ಬೀದಿಯ ದೀಪಗಳು ಒಂದೊಂದೇ ಹತ್ತಿಕೊಂಡವು. ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡು, ಬಾಯಿ ಸ್ವಲ್ಪ ತೆರೆದುಕೊಂಡು, ಮದುವೆ ಮನೆಗೆ ಬಂದ ಮಗುವಿನ ಹಾಗೆ ನಿಂತೇ ಇದ್ದ. ಮಬ್ಬಿ ಒಳಗಿನಿಂದ ಎಲ್ಲವನ್ನೂ ನೋಡುತ್ತಿದ್ದಳು. ಕರೆಯಲು ಮನಸ್ಸಾಗಲಿಲ್ಲ. ಬಹಳ ಹೊತ್ತಿನ ಮೇಲೆ ಅವನು ಮೂಗಿನ ಮೇಲಿನ ಆ ಭಾರವನ್ನು ಇಳಿಸದೆಯೇ ಕೇಳಿದ:

"ಪುಟ್ಟೀ, ಆ ಮೂಲೆ ದೀಪಕ್ಕೆ ಹಳದಿ ಹಾಕಿದ್ದೆಯಲ್ಲ?"

"ಹೂಂ."

"ಸಾಲದು. ಅದರ ಅಂಚಿಗೆ ಸ್ವಲ್ಪ ನೇರಳೆ ಇದೆ. ಬಂದು ನೋಡು."

ಅವಳು ಕನ್ನಡಕ ತೆಗೆದು ಪಕ್ಕದಲ್ಲಿ ಹೋಗಿ ನಿಂತಳು. ನಿಜ, ನೇರಳೆ ಇತ್ತು.

"ಸೇರ್ಕೋ ಹೋಗು," ಅಪ್ಪ ಮೆಲ್ಲಗೆ ಅಂದ. "ಆದ್ರೆ ರಸ್ತೆ ದಾಟುವಾಗ ಕನ್ನಡಕ ಹಾಕ್ಕೊಂಡೇ ದಾಟಬೇಕು. ಅದರಲ್ಲಿ ಮಾತ್ರ ರಾಜಿ ಇಲ್ಲ."

ಮಬ್ಬಿಗೆ ಕಲಾಶಾಲೆಯಲ್ಲಿ ಪ್ರವೇಶ ಸಿಕ್ಕಿತು. ಮೊದಲ ವರ್ಷ ಸುಲಭವಾಗೇನೂ ಇರಲಿಲ್ಲ. ಎಲುಬಿನ ಗೂಡನ್ನು ಅಳತೆಗೆ ತಕ್ಕಂತೆ ಬರೆಯುವ ಪರೀಕ್ಷೆಯಲ್ಲಿ ನಪಾಸಾದಳು, ಅತ್ತಳು, ಮತ್ತೆ ಬರೆದಳು. ಅವಳ ಪವರ್ ಸ್ವಲ್ಪ ಏರಿ, ಆಮೇಲೆ ನಿಂತಿತು. ಅಮ್ಮನ ಭಯ ಮಾತ್ರ ಪೂರ್ತಿ ನಿಲ್ಲಲಿಲ್ಲ. ಓದು ಮುಗಿದ ಮೇಲೆ ಮಬ್ಬಿ ಒಂದು ರಂಗಮಂದಿರಕ್ಕೆ ಸೇರಿ, ರಂಗದ ಹಿಂದೆ ತೂಗುವ ದೊಡ್ಡ ಪರದೆಗಳಿಗೆ ಬಣ್ಣ ಹಾಕುವ ಕೆಲಸಕ್ಕೆ ನಿಂತಳು. ಇವತ್ತಿಗೂ ಅದೇ ಅವಳ ಕೆಲಸ. ಬೆಳಗಿನ ಮಂಜು, ಕಡಲು, ಕನಸಿನ ದೃಶ್ಯ ಬೇಕೆಂದರೆ ನಾಟಕದವರು ಅವಳನ್ನೇ ಹುಡುಕಿಕೊಂಡು ಬರುತ್ತಾರೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಧ್ಯಾಹ್ನ ಅಪ್ಪ ಅಮ್ಮ ಇಬ್ಬರೂ ನೋಡಲು ಬಂದರು. ಎತ್ತರದ ಕಿಟಕಿಗಳಿರುವ ದೊಡ್ಡ ಹಜಾರ. ನೆಲದ ತುಂಬ ಬಟ್ಟೆ ಹಾಸಿತ್ತು, ಬಟ್ಟೆಯ ತುಂಬ ಆಕಾಶ. ಮಬ್ಬಿ ಬರಿಗಾಲಲ್ಲಿ, ಪೊರಕೆಯಷ್ಟು ಉದ್ದ ಹಿಡಿಯ ಕುಂಚ ಹಿಡಿದು ಮೋಡಗಳ ಮೇಲೆ ಓಡಾಡುತ್ತಿದ್ದಳು. ಅಪ್ಪ ಅಂಚಿನಲ್ಲೇ ಕುಕ್ಕರಗಾಲಲ್ಲಿ ಕೂತು, ನೀಲಿಗೆ ಏನು ಬೆರೆಸಿದ್ದಾರೆಂದು ಪಕ್ಕದ ಬಕೆಟ್ಟಿಗೆ ಇಣುಕಿದ. ಅಮ್ಮ ಚಪ್ಪಲಿ ಬಿಟ್ಟು ನಿಂತಳು.

"ತುಳಿಯಬಹುದಾ?"

"ಆ ಕಡೆ ಒಣಗಿದೆ ಅಮ್ಮಾ, ಬಾ."

ಅಮ್ಮ ಸೀರೆಯ ನೆರಿಗೆಯನ್ನು ತುಸು ಎತ್ತಿ ಹಿಡಿದು, ನೀರಿಗಿಳಿಯುವವಳ ಹಾಗೆ ಒಂದು ಹೆಜ್ಜೆ ಇಟ್ಟಳು. ಆಮೇಲೆ ಇನ್ನೊಂದು. ನಡುವೆ ಒಣಗಿದ್ದ ಬಿಳಿಮೋಡದ ಹತ್ತಿರ ಬಂದಾಗ ಕಾಲು ಚಾಚಿ, ಸ್ವಲ್ಪ ಯೋಚಿಸಿ, ಅದನ್ನು ಸುತ್ತಿಕೊಂಡು ಹೋದಳು.