ಕೂಸಿನ ರೆಪ್ಪೆಗೆ ಅತ್ತೆಯವರ ತುಪ್ಪ

ಹಸಿರು ಹಚ್ಚೆ ಚುಚ್ಚಿದ ಒಂದು ಬಲಗೈ, ಅದೂ ಮೊಣಕೈವರೆಗೆ ಮಾತ್ರ. ಮದುವೆಯಾದ ಮೇಲೆ ಎಷ್ಟೋ ಕಾಲ ನಾನು ನಮ್ಮ ಅತ್ತೆಯವರನ್ನು ಕಂಡದ್ದು ಅಷ್ಟೇ. ಖಾನಾಪುರದ ಅವರ ಮನೆಯಲ್ಲಿ ಊಟಕ್ಕೆ ಕುಳಿತರೆ ಬಾಗಿಲ ಮರೆಯಿಂದ ಆ ಕೈ ಬಂದು ರೊಟ್ಟಿ ಇಟ್ಟು ಹೋಗುತ್ತಿತ್ತು. ಇಪ್ಪತ್ತರ ದಶಕದ ಮಾತು ಇದು. ಅಳಿಯನಿಗೆ ಮುಖ ತೋರಿಸುವುದು, ನೇರವಾಗಿ ಮಾತಾಡುವುದು ಆಗ ಮರ್ಯಾದೆಯಲ್ಲ. ಏನಾದರೂ ಹೇಳುವುದಿದ್ದರೆ ಅವರು ನಡುಮನೆಯ ಕಂಬಕ್ಕೆ ಹೇಳುತ್ತಿದ್ದರು.

“ಏ ಕಂಬಾ, ಅಳಿಯಂದ್ರಿಗೆ ಇನ್ನೊಂದು ರೊಟ್ಟಿ ಬೇಕೇನ ಕೇಳು.”

ನಾನು ಬಿಡುವವನೇ? ನಮ್ಮೂರು ಅನಗೋಳದ ಗಲ್ಲಿಯಲ್ಲಿ ನನ್ನ ಚೇಷ್ಟೆಗೆ ಸಿಗದವರೇ ಇರಲಿಲ್ಲ. ದನಿ ದಪ್ಪ ಮಾಡಿ ಕಂಬದ ಪರವಾಗಿ ನಾನೇ ಹೇಳುತ್ತಿದ್ದೆ: “ಎರಡು ಬೇಕಂತ್ರೀ. ನನಗೂ ಒಂದು ಕೊಡ್ರಿ, ನಿಂತು ನಿಂತು ಹಸಿವಿ ಆಗೈತಿ.” ಹೆಂಡತಿ ಕಣ್ಣು ಕಿಸಿಯುತ್ತಿದ್ದಳು. ಒಳಗೆ ಬಳೆ ಸದ್ದಾಗುತ್ತಿತ್ತು. ಅತ್ತೆಯವರು ನಕ್ಕರೆಂದು ಅದರಿಂದಲೇ ತಿಳಿಯಬೇಕು.

ಜೈನರ ಮನೆ, ಅತ್ತೆಯವರದು ಎಲ್ಲರಿಗಿಂತ ಕಟ್ಟುನಿಟ್ಟು. ಹೊತ್ತು ಮುಳುಗುವ ಮೊದಲೇ ಊಟ, ನೀರು ಸೋಸಿಯೇ ಕುಡಿಯುವುದು. ಮಕ್ಕಳ ತಲೆ ಬಾಚುವಾಗ ಹೇನು ಸಿಕ್ಕರೆ ಕುಕ್ಕುತ್ತಿರಲಿಲ್ಲ. ಅರಳೆಯಲ್ಲಿಟ್ಟು ಹಿತ್ತಿಲ ನೆರಳಿಗೆ ಬಿಟ್ಟು ಬರುತ್ತಿದ್ದರು. “ಅದರ ಜೀವಾ ಅದಕ್ಕ ಪ್ರೀತಿ” ಎನ್ನುತ್ತಿದ್ದರು. “ಅದಕ್ಕ ಊಟಕ್ಕ ಯಾರ ತಲಿ ಗೊತ್ತು ಮಾಡೀರಿ?” ಎಂದು ನಾನು ಕಂಬವನ್ನು ಕೇಳಿದ್ದುಂಟು.

ಆಗ ನಾನು ಗುಂಜಿಯಲ್ಲಿ ಮರದ ಡಿಪೋದ ಕಾರಕೂನ. ಹತ್ತು ಮಂದಿ ಹೊದ್ದ ಕಂಬಳಿಯನ್ನೇ ನಾನೂ ಹೊದೆಯಬೇಕಿತ್ತು. ಅದರಿಂದ ತೊಡೆಸಂದಿಯ ಕೂದಲಿಗೆ ಹೇನು ಹತ್ತಿತು. ತಲೆಯ ಹೇನಿನ ಜಾತಿಯಲ್ಲ ಅದು. ಚಪ್ಪಟೆ, ಏಡಿಯಂಥದು, ಬುಡ ಕಚ್ಚಿತೆಂದರೆ ಕದಲದು. ಬೆಳಗಾವಿಯ ಒಬ್ಬ ಕಂಪೌಂಡರನ ಹತ್ತಿರ ಹೋಗಿ, ಗೆಳೆಯನಿಗೆ ಎಂದು ಹೇಳಿ, ಪಾರದ, ಅಂದರೆ ಪಾದರಸದ, ಮುಲಾಮು ತಂದೆ. “ಬೋಳಿಸಿ ಹಚ್ಚಾಕ ಹೇಳ್ರಿ ನಿಮ್ಮ ಗೆಳೆಯಾಗ. ನೀವು ಯಾಕ ನಿಂತಲ್ಲೇ ಕುಣಿಯಾಕ್ಹತ್ತೀರಿ?” ಎಂದ ಭೂಪ.

ಡಬ್ಬಿ ಜೇಬಿನಲ್ಲಿಟ್ಟುಕೊಂಡೇ, ಹೆಂಡತಿ ಕೂಸಿನೊಂದಿಗೆ ತವರಿನಲ್ಲಿದ್ದ ಖಾನಾಪುರಕ್ಕೆ ಬಂದೆ. ಎರಡು ವರ್ಷದ ಮಗಳು ತಾಯಿಯ ಮಡಿಲಲ್ಲಿ ಚೀರುತ್ತಿದ್ದಳು. ರೆಪ್ಪೆಗಳು ಅಂಟಿಕೊಂಡಿದ್ದವು. ತಿಕ್ಕಿ ತಿಕ್ಕಿ ಕಣ್ಣಿನ ಸುತ್ತ ಕೆಂಪೇರಿತ್ತು.

“ನಿನ್ನೆಯಿಂದ ಕಣ್ಣ ತೆರೀವಲ್ಲಳು. ಕಣ್ಣು ಹೋಗತಾವೇನ್ರೀ?” ಎಂದಳು ಹೆಂಡತಿ.

ಕೂಸನ್ನು ಬಿಸಿಲಿಗೆ ಹಿಡಿದು ನೋಡಿದೆ. ರೆಪ್ಪೆಗೂದಲ ಬುಡದಲ್ಲಿ ಕಂದು ಚುಕ್ಕೆಗಳು. ಒಂದು ಚುಕ್ಕೆ ಕಾಲಾಡಿಸಿತು. ನನ್ನ ಮೈಮೇಲಿನ ಹುಳವೇ ಅದು. ಹೋದ ಸಲ ಬಂದಾಗ ಚಳಿಯೆಂದು ಕೂಸನ್ನು ನನ್ನ ಕಂಬಳಿಯಲ್ಲೇ ಸುತ್ತಿ ಮಲಗಿಸಿದ್ದೆವು.

ಹುಳ ಅದೇ ಆದರೆ ಔಷಧವೂ ಅದೇ ಅಲ್ಲವೇ? ಡಬ್ಬಿ ತೆಗೆದೆ. ಬೂದಿಬಣ್ಣದ ಮುಲಾಮು ಬೆರಳಿಗೆ ಬಳಿದುಕೊಂಡೆ. “ಅಕೀ ಕೈ ಗಟ್ಟಿ ಹಿಡಿ” ಎಂದೆ. ಹೆಂಡತಿ ಹಿಡಿದಳು. ಬೆರಳು ಇನ್ನೇನು ರೆಪ್ಪೆ ಮುಟ್ಟಬೇಕು.

“ತಡೀರಿ!”

ಹೇಳಿದ್ದು ಕಂಬಕ್ಕಲ್ಲ, ನನಗೆ. ಅತ್ತೆಯವರು ಹೊಸ್ತಿಲು ದಾಟಿ ಬಂದು ನನ್ನ ಮಣಿಕಟ್ಟು ಹಿಡಿದಿದ್ದರು. ತಲೆಯ ಸೆರಗು ಹೆಗಲಿಗೆ ಜಾರಿತ್ತು.

“ಇದು ಪಾರದ್ದು. ನಮ್ಮ ಮಾವನವರು ಹುಣ್ಣಿಗೆ ಇದನ್ನ ಹಚ್ಚಿ ಹಚ್ಚಿ ಹಲ್ಲು ಉದುರಿಸಿಕೊಂಡ್ರು. ಕೂಸಿನ ಕಣ್ಣಾಗ ಹಾಕತೀರಿ?”

“ಮತ್ತೇನ ಮಾಡೂಣ್ರಿ? ಹುಳ ಸಾಯಬೇಕಲ್ಲ?”

“ಉಸಿರು ಕಟ್ಟಿದ್ರ ಸಾಯತಾವ. ದಪ್ಪಗ ತುಪ್ಪಾ ಹಚ್ಚಬೇಕು.”

ಅಂದರು, ಆದರೆ ತುಪ್ಪ ತರಲು ಹೋಗಲಿಲ್ಲ. ಅಲ್ಲೇ ನಿಂತರು. ಕೂಸು ಚೀರುತ್ತಲೇ ಇತ್ತು. ಅವರ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ನನಗೆ ತಡೆಯಲಾಗಲಿಲ್ಲ.

“ಆ ಪಾಪ ನಿಮ್ಮ ಕೈಲೆ ಬ್ಯಾಡ್ರಿ, ನಾನು ಹಚ್ಚತೀನಿ.”

“ನಿಮ್ಮ ಬೆರಳಿಗೆ ಪಾರ ಹತ್ತೈತಿ” ಎಂದರು. ಆಮೇಲೆ ಕೂಸಿನ ಕಡೆ ನೋಡಿ, “ಪಾಪ ನನಗಿರಲಿ. ಕಣ್ಣು ಕೂಸಿಗಿರಲಿ” ಎಂದು ಒಳಗೆ ಹೋಗಿ ತುಪ್ಪದ ಗಿಂಡಿ ತಂದರು.

ಮುಂಜಾನೆ ಸಂಜೆ ತುಪ್ಪ ಹಚ್ಚುವುದು, ಸತ್ತ ಹುಳ ಮೆತ್ತಗೆ ಒರೆಸುವುದು, ಕೂದಲಿಗೆ ಅಂಟಿದ ಸೀರನ್ನು ಉಗುರಿನಿಂದ ಬಿಡಿಸುವುದು. ಇದು ನಡೆದಷ್ಟು ದಿನವೂ ಅವರು ಒಪ್ಪತ್ತಿನಲ್ಲೇ ಇದ್ದರು. ಮೊದಲ ಸಲ ತುಪ್ಪ ಹಚ್ಚಿದ ಮರುದಿನ ಗೋಡೆಯ ಕಡೆ ತಿರುಗಿ, ಆದರೆ ನನಗೇ ಹೇಳಿದರು: “ಅಳಿಯಂದ್ರ, ಹುಳ ಕೂಸಿನ ಕಣ್ಣಾಗ ಹುಟ್ಟಿದ್ದಲ್ಲ. ಬಚ್ಚಲದಾಗ ಕತ್ತಿ, ಬಿಸಿನೀರು ಇಟ್ಟೀನಿ. ಬೋಳಿಸಿಕೊಂಡು ಬರ್ರಿ. ನಿಮ್ಮ ಬಟ್ಟಿ, ಕಂಬಳಿ ಕೊಡ್ರಿ. ಪಾಪ ಹೆಂಗೂ ಹತ್ತೈತಿ, ಎಲ್ಲಾ ಒಮ್ಮೆಲೆ ಕುದಿಸಿಬಿಡತೀನಿ.” ಊರಿಗೆಲ್ಲ ಚೇಷ್ಟೆ ಮಾಡಿದ ನಾನು ಕಂಬಳಿ ಕೊಟ್ಟು ಬಚ್ಚಲಿಗೆ ನಡೆದೆ.

ಒಂದು ಮುಂಜಾನೆ ಮಗಳು ಕಣ್ಣು ತೆರೆದಳು. ತೆರೆದವಳೇ ಅಜ್ಜಿಯ ಮೂಗುತಿಗೆ ಕೈ ಹಾಕಿದಳು.

ಮುಂದೆ ಎಷ್ಟೋ ವರ್ಷ ಅತ್ತೆಯವರು ನನ್ನನ್ನು ಎದುರಿಗೇ ನಿಂತು ಬೈದರು. ಕೊನೆಗೆ ಸಲ್ಲೇಖನ ವ್ರತ ಹಿಡಿದು ಅನ್ನ ಬಿಟ್ಟು ಮಲಗಿದಾಗ ಶಾಸ್ತ್ರ ಓದಿ ಕೇಳಿಸಿದವಳು ನನ್ನ ಮಗಳು. ಹಳೆಯ ಪುಸ್ತಕ, ಸಾಸಿವೆಯಂಥ ಅಕ್ಷರ. ಕನ್ನಡಕ ಹಾಕಿಯೂ ನಾನು ಸಾಲು ತಪ್ಪುತ್ತಿದ್ದೆ. ಅವಳು ತಪ್ಪಲಿಲ್ಲ. ಎಲ್ಲ ಜೀವಿಗಳ ಕ್ಷಮೆ ಕೇಳುವ ಮಾತು ಬಂದಾಗ ಅತ್ತೆಯವರು ಕೈಸನ್ನೆ ಮಾಡಿ ಓದು ನಿಲ್ಲಿಸಿದರು.

“ಆ ಹುಳಗೋಳ ಕ್ಷಮಾನೂ ಕೇಳೀನಿ” ಎಂದರು. “ಆದ್ರ ಮತ್ತ ಅಂಥಾ ಹೊತ್ತು ಬಂದ್ರ, ಮತ್ತ ಹಚ್ಚತೀನಿ.”

ಮಗಳು ಕಣ್ಣೊರೆಸಿಕೊಂಡು ಮುಂದಿನ ಸಾಲು ಓದಿದಳು.