ತಾತನ ಟ್ಯೂಬಾಗೆ ಮೂರು ಕಾಲು

ಮಕ್ಕಳೇ, ನನ್ನ ಮಂಚದ ಪಕ್ಕದಲ್ಲಿ ತಾತನ ಟ್ಯೂಬಾ ನಿಂತಿದೆಯಲ್ಲ, ಅದು ಈ ಮನೆಯಲ್ಲೇ ಉಳಿದದ್ದು ಹೇಗೆ ಎಂದು ಬರೆಯುತ್ತಿದ್ದೇನೆ. ಬಾಯಿಬಿಟ್ಟು ಹೇಳಲು ನನಗೆ ಸಂಕೋಚ.

ನಿಮ್ಮ ತಾತ ದೆಹಲಿಯ ಸರ್ಕಾರಿ ಬ್ಯಾಂಡೊಂದರಲ್ಲಿ ಟ್ಯೂಬಾ ಊದುತ್ತಿದ್ದರು. ಹಿತ್ತಾಳೆಯ ದೊಡ್ಡ ವಾದ್ಯ; ತಬ್ಬಿಕೊಂಡು ಕೂತರೆ ಅವರ ಮುಖವೇ ಕಾಣುತ್ತಿರಲಿಲ್ಲ. ನಿವೃತ್ತರಾದಾಗ ಹಳೆಯದೊಂದನ್ನು ಕೊಂಡು ಘಾಜಿಯಾಬಾದಿನ ಈ ಫ್ಲ್ಯಾಟಿಗೆ ತಂದರು. ಬೋರಲು ಇಟ್ಟರೆ ಅಂಚು ಸೊಟ್ಟಗಾಗುತ್ತದೆ ಎಂದು ಕುರ್ಚಿಯ ಮೇಲೆ ಕೂರಿಸುತ್ತಿದ್ದರು. ಅವರು ಹೋದ ಮೇಲೆ ನಾನು ಹಳೆಯ ಸೀರೆಯನ್ನು ಸಿಂಬಿ ಸುತ್ತಿ, ನಮ್ಮೂರಲ್ಲಿ ಕೊಡ ಇಡುವ ಹಾಗೆ ಅದರ ಮೇಲೆ ನಿಲ್ಲಿಸಿದೆ. ತುಂಬಿದ ಕೊಡ ಸಿಂಬಿಯ ಮೇಲೆ ಅಲುಗುವುದಿಲ್ಲ. ಇದು ಖಾಲಿ, ಮೇಲೆ ಬಾಯಿ ಬೇರೆ ಅಗಲ. ನನಗೆ ಅದು ಹೊಳೆಯಲೇ ಇಲ್ಲ.

ನಿಮ್ಮಲ್ಲಿ ಚಿಕ್ಕವಳು ಆಗ ಅಂಬೆಗಾಲಿಡುತ್ತಿದ್ದಳು. ಒಂದು ಬೆಳಿಗ್ಗೆ ಸೀರೆಯ ತುದಿ ಹಿಡಿದು ಎಳೆದಳು. ಪುಣ್ಯಕ್ಕೆ ಟ್ಯೂಬಾ ಗೋಡೆಯ ಕಡೆ ಉರುಳಿತು. ನಿಮ್ಮಪ್ಪ ಬಯ್ಯಲಿಲ್ಲ, ಆದರೆ ಅವನ ಮುಖ ಬಿಳಿಚಿಕೊಂಡಿತ್ತು. ವಾದ್ಯದ ಅಂಗಡಿಗೆ ಹೋಗೋಣ, ಗಟ್ಟಿ ಸ್ಟ್ಯಾಂಡ್ ಸಿಕ್ಕರೆ ಸರಿ, ಇಲ್ಲದಿದ್ದರೆ ಇದನ್ನು ಅಲ್ಲೇ ಮಾರಿ ಬರೋಣ ಎಂದ. ಹೂಂ ಎಂದೆ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮೆಟ್ರೋ ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ಕಾರಿನಲ್ಲಿ ನಿಮ್ಮಪ್ಪ, ನಿಮ್ಮಮ್ಮ ಮುಂದೆ ಕೂತರು; ದೆಹಲಿಯವರೆಗೂ ಟ್ಯೂಬಾ ನನ್ನ ಪಕ್ಕದಲ್ಲೇ ಕೂತಿತ್ತು.

ಅಂಗಡಿಯವನು ಮೊದಲು ಮಡಚುವ, ತೆಳ್ಳನೆಯ ಸ್ಟ್ಯಾಂಡ್ ತೋರಿಸಿದ. ಜಾಗ ಉಳಿಯುತ್ತದೆಂದು ನಿಮ್ಮಪ್ಪನಿಗೆ ಹಿಡಿಸಿತು. ಅವನೇ ಟ್ಯೂಬಾ ಇಟ್ಟು ಮೇಲಿನಿಂದ ಒತ್ತಿ ನೋಡಿದ, ನಿಂತಿತು. ನನಗೆ ಸಮಾಧಾನವಾಗಲಿಲ್ಲ. ಅಂಗಡಿಗಳಲ್ಲಿ ನಾನು ಮಾತಾಡಿದವಳೇ ಅಲ್ಲ. ಅವತ್ತು ಸೆರಗು ಸಿಕ್ಕಿಸಿ ನೆಲದ ಮೇಲೆ ಕೂತುಬಿಟ್ಟೆ.

“ಅಮ್ಮಾ, ಏಳು. ಎಲ್ಲ ನೋಡ್ತಿದಾರೆ.”

“ನೋಡ್ಲಿ ಬಿಡು. ಮಗು ಎಳೆಯೋದು ಇಲ್ಲಿಂದ.”

ಸ್ಟ್ಯಾಂಡಿನ ಕಾಲು ಹಿಡಿದು ಎಳೆದೆ. ಟ್ಯೂಬಾ ವಾಲಿತು. ಅಂಗಡಿಯವನು ಹಾರಿ ಬಂದು ಅದನ್ನು ತಬ್ಬಿಕೊಂಡ. “ಭಯ್ಯಾ, ನಮ್ಮ ಮಾವನೂ ಹೀಗೇ ಹಿಡ್ಕೋತಿದ್ರು” ಎಂದು ನಿಮ್ಮಮ್ಮ ಹಿಂದಿಯಲ್ಲಿ ಹೇಳಿ ನಕ್ಕಳು.

ಆಮೇಲೆ ಒಳಗಿನಿಂದ ದಪ್ಪ ಕಬ್ಬಿಣದ್ದೊಂದು ಬಂತು. ಮೂರು ಕಾಲು, ಅಗಲವಾಗಿ ಚಾಚಿಕೊಂಡಿದ್ದವು. ಕೂರಿಸುವ ತಟ್ಟೆ ನೆಲಕ್ಕೆ ಹತ್ತಿರ. ಸುತ್ತಲೂ ಸರಿದು ಎಳೆದೆ, ಜೋತುಬಿದ್ದೆ. ಅಲುಗಲಿಲ್ಲ.

“ಇಷ್ಟಗಲದ್ದನ್ನ ಎಲ್ಲಿಡೋದಮ್ಮ?”

“ನನ್ನ ಮಂಚದ ಪಕ್ಕ. ನನ್ನ ಟ್ರಂಕು ಮಂಚದ ಕೆಳಗೆ ಹೋಗುತ್ತೆ.”

ನಿಮ್ಮಪ್ಪ ಅದನ್ನೇ ಕಟ್ಟಿಸಿದ.

ಸ್ವಲ್ಪ ದಿನಕ್ಕೆ ಚಿಕ್ಕವಳು ಅದೇ ಸ್ಟ್ಯಾಂಡ್ ಹಿಡಿದು ಮೊದಲ ಸಲ ಎದ್ದು ನಿಂತಳು. ಈ ಹಾಳೆಗಳನ್ನು ಟ್ಯೂಬಾದ ಚೀಲದ ಜೇಬಿನಲ್ಲಿ ಜೋಪಾನವಾಗಿಡಿ. ಟ್ಯೂಬಾದ ಬಾಯೊಳಗೆ ಮಾತ್ರ ತುರುಕಬೇಡಿ. ನಿಮ್ಮಲ್ಲಿ ಯಾರಿಗಾದರೂ ಊದಬೇಕೆನಿಸಬಹುದು.