ವೇದಿಕೆಯ ಕೆಳಗೆ ಕೂತ ಸೊಸೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತೆರೆಕ್‌-ಸೂ ಊರಿನ ನಾಟಕಶಾಲೆಯ ಹಿಂಬಾಗಿಲು ತೆರೆದು ಬುರುಲ್ಚಾ ಕಲ್ಲಿದ್ದಲಿನ ಬಕೆಟ್ ಹಿಡಿದು ಒಳಗೆ ಬರುತ್ತಾರೆ. ಒಲೆ ಹೊತ್ತಿಸುವಾಗಲೂ ಅವರ ತುಟಿ ಸುಮ್ಮನಿರುವುದಿಲ್ಲ. ಒಮ್ಮೆ ಅತ್ತೆಯಾಗಿ ಗದರುತ್ತಾರೆ, ಮರುಕ್ಷಣ ಕುರಿಗಳ್ಳನಾಗಿ ಗೋಗರೆಯುತ್ತಾರೆ. ಎಲ್ಲವೂ ಪಿಸುಮಾತಿನಲ್ಲಿ. ಸಂಜೆಯ ತಾಲೀಮಿನಲ್ಲಿ ಯಾರು ಎಲ್ಲಿ ತಡವರಿಸುತ್ತಾರೆಂದು ಅವರಿಗೆ ಈಗಲೇ ಗೊತ್ತು.

ವೇದಿಕೆಯ ಅಂಚಿನಲ್ಲಿ, ಹಲಗೆಯ ಕೆಳಗೆ ಒಂದು ಗೂಡಿದೆ. ಅದರಲ್ಲಿ ಕಂಬಳಿ ಹಾಸಿ ಕೂತು, ಮಾತು ಮರೆತ ನಟರಿಗೆ ಮಾತು ಎತ್ತಿಕೊಡುವುದು ಬುರುಲ್ಚಾ ಅವರ ಕೆಲಸ. ಸಂಬಳ ಬರುವುದು ಮಾತ್ರ ಕಸ ಗುಡಿಸುವುದಕ್ಕೆ. ಎಪ್ಪತ್ತೆರಡರ ಇವರು ಊರಿಗೆಲ್ಲ ‘ಎಜೆ’, ಅಕ್ಕ. ಚಪ್ಪಾಳೆ ಬಿದ್ದಾಗ ಇವರಿಗೆ ಕಾಣುವುದು ನಟರ ಬೂಟುಗಳಷ್ಟೇ. “ಯಾರ ಬೂಟು ಹರಿದಿದೆ ಅಂತ ಈ ಊರಲ್ಲಿ ನನ್ನಷ್ಟು ಯಾರಿಗೂ ಗೊತ್ತಿಲ್ಲ” ಎಂದು ನಗುತ್ತಾರೆ.

ಈ ನಾಟಕಶಾಲೆ ಹುಟ್ಟಿದ್ದು ಎರಡು ಟ್ರೇಲರ್‌ಗಳ ಮೇಲೆ. ಸಾಮೂಹಿಕ ಬೇಸಾಯದ ಕಾಲ. ಟ್ರ್ಯಾಕ್ಟರ್ ಓಡಿಸುತ್ತಿದ್ದ ಓರೊಜ್‌ಬೆಕ್ ಅವನ್ನು ಉಣ್ಣೆ ಕತ್ತರಿಸುವ ಕೊಟ್ಟಿಗೆಯ ಮುಂದೆ ಜೋಡಿಸಿ ನಿಲ್ಲಿಸಿದರು. ಮನೆಮನೆಯ ರಜಾಯಿ ಕೇಳಿ ತಂದು ಪರದೆ ಕಟ್ಟಿದರು. ವೇಷ ಹಾಕಲು ಯಾವ ಹೆಣ್ಣೂ ಒಪ್ಪದಿದ್ದಾಗ ತಾವೇ ಮದುಮಗಳಾದರು, ಮೀಸೆ ಬೋಳಿಸಲು ಮನಸ್ಸಾಗದೆ ಹಾಗೆಯೇ. ಪುಟ್ಟ ಬುರುಲ್ಚಾ ಅದನ್ನು ಅಪ್ಪನ ಹೆಗಲ ಮೇಲಿಂದ ನೋಡಿದ್ದರು. “ಮದುಮಗಳು ಮುಸುಕು ತೆಗೆದಳು ನೋಡಿ, ಮದುಮಗ ಟ್ರೇಲರ್‌ನಿಂದ ಕೆಳಕ್ಕೆ ಹಾರಿಬಿಟ್ಟ.”

ಮುಂದೆ ಅದೇ ಓರೊಜ್‌ಬೆಕ್ ಇವರಿಗೆ ಮಾವನಾದರು. ಹಿರಿಯರೆದುರು ಸೊಸೆ ವೇದಿಕೆ ಹತ್ತುವಂತಿರಲಿಲ್ಲ. ಆದರೆ ಈ ಸೊಸೆಯ ಓದು ಚುರುಕು. ಮಾವನೇ ದಾರಿ ಹುಡುಕಿದರು. “‘ಮೇಲೆ ಬೇಡ ಮಗಳೇ, ಕೆಳಗೆ ಕೂತ್ಕೋ. ಯಾರಿಗೂ ಕಾಣಲ್ಲ, ಬೇಕಾದವರಿಗೆ ಕೇಳ್ಸುತ್ತೆ’ ಅಂದ್ರು ನಮ್ಮನೆ ಹಿರಿಯರು” ಎಂದು ಬುರುಲ್ಚಾ ನೆನೆಯುತ್ತಾರೆ.

ಇಲ್ಲಿ ಹೆಸರು ಹೇಳುತ್ತಿರುವುದು ನಾನು, ಅವರಲ್ಲ. ಮಾವನ ಹೆಸರು ಸೊಸೆಯ ಬಾಯಲ್ಲಿ ಬರಬಾರದು. ಮದುವೆಯಾದಂದಿನಿಂದ ಬುರುಲ್ಚಾ ಅದನ್ನು ಒಮ್ಮೆಯೂ ಆಡಿಲ್ಲ, ‘ನಮ್ಮನೆ ಹಿರಿಯರು’ ಎಂದಷ್ಟೇ ಅನ್ನುತ್ತಾರೆ. ಒಂದು ನಾಟಕದಲ್ಲಿ ಕುದುರೆಗಳ್ಳನಿಗೂ ಅದೇ ಹೆಸರಿತ್ತು. ಪೊಲೀಸನ ಪಾತ್ರ ಮಾಡಿದ್ದ ಕುಬಾನಿಚ್ ಎಂಬ ತರುಣ ಕಳ್ಳನ ಹೆಸರು ಮರೆತು ಗೂಡಿನತ್ತ ನೋಡಿದ. “ನಮ್ಮನೆ ಹಿರಿಯರು” ಎಂದು ಪಿಸುಮಾತು ಬಂತು. “ನಮ್ಮನೆ ಹಿರಿಯರು ಕುದುರೆ ಕದ್ದಿದ್ದಾರೆ, ಹಿಡೀರಿ” ಎಂದು ಆತ ಗರ್ಜಿಸಿದ. ಮುಂದಿನ ಸಾಲಿನಲ್ಲಿದ್ದ ಮಾವನೇ ಎಲ್ಲರಿಗಿಂತ ಹೆಚ್ಚು ನಕ್ಕರಂತೆ.

ತೊಂಬತ್ತರ ದಶಕದಲ್ಲಿ ಕಟ್ಟಡವಿತ್ತು, ಕರೆಂಟು ಇರಲಿಲ್ಲ. ನೋಡಲು ಬಂದವರು ಟಿಕೆಟ್ಟಿನ ಬದಲು ಒಂದೊಂದು ಹೆಂಟೆ ಕಲ್ಲಿದ್ದಲು ತರುತ್ತಿದ್ದರು. ಅದೂ ಸಾಲದೆ ಕಪಾಟಿನ ಹಳೆಯ ಕಾಗದವೆಲ್ಲ ಒಲೆ ಸೇರಿತು. ಮಾವ, ಗಂಡ, ಹಳೆಯ ನಟರು ಒಬ್ಬೊಬ್ಬರಾಗಿ ಹೋದರು. ಗೂಡು ಮಾತ್ರ ಖಾಲಿಯಾಗಲಿಲ್ಲ.

ಕುಬಾನಿಚ್ ಈಗ ಪೆಟ್ರೋಲ್ ಬಂಕಿನ ಮಾಲೀಕರು. ಸೋರುತ್ತಿದ್ದ ನಾಟಕಶಾಲೆಗೆ ಹೊಸ ಸೂರು ಹಾಕಿಸಿಕೊಟ್ಟು, ಅದಕ್ಕೆ ತಮ್ಮ ತಂದೆಯ ಹೆಸರಿಡಬೇಕೆಂದರು. ಓರೊಜ್‌ಬೆಕ್ ಹೆಸರೇ ಆಗಬೇಕೆಂದು ತಂಡದವರು ಪಟ್ಟು ಹಿಡಿದರು. ಹಾಗಾದರೆ, ದಾಖಲೆಯೆಲ್ಲ ಸುಟ್ಟುಹೋಗಿರುವುದರಿಂದ, ಟ್ರೇಲರ್ ಕಾಲವನ್ನು ನೋಡಿದ ಹಳೆಯ ತಂಡದ ಒಬ್ಬರು ವೇದಿಕೆಗೆ ಬಂದು, ಕಂಡದ್ದನ್ನು ಹೇಳಿ ಹೆಸರು ಸೂಚಿಸಲಿ ಎಂದರು ಮೇಯರ್. ಹಾಗೆ ಉಳಿದವರು ಬುರುಲ್ಚಾ ಒಬ್ಬರೇ. “ವಾರವೆಲ್ಲ ನಿದ್ದೆ ಬರಲಿಲ್ಲ. ಹೇಳಿದ್ರೆ ಅವರಿಗೆ ಅಮರ್ಯಾದೆ ಮಾಡ್ದಂಗೆ. ಹೇಳದಿದ್ರೆ ಅವರ ಹೆಸರೇ ಅಳಿಸಿಹೋಗುತ್ತೆ. ಏನ್ ಮಾಡ್ಲಿ?”

ಕಳೆದ ಶುಕ್ರವಾರ ಸಭೆ. ಬುರುಲ್ಚಾ ಮೊದಲ ಬಾರಿ ವೇದಿಕೆಯ ಮೇಲೆ ನಿಂತಿದ್ದರು. ಟ್ರೇಲರ್, ರಜಾಯಿ, ಮೀಸೆಯ ಮದುಮಗಳು, ಎಲ್ಲ ಹೇಳಿದರು. “ಬೇರೆ ಮನೆಗಳಲ್ಲಿ ಸೊಸೆ ಕೈಗೆ ಚಹಾದ ಕೆಟಲ್ ಕೊಟ್ರು. ನನ್ನ ಕೈಗೆ ಪುಸ್ತಕ ಕೊಟ್ರು” ಎಂದರು.

“ಹೆಸರು ಹೇಳಿ ಎಜೆ, ಬರ್ಕೋಬೇಕು” ಎಂದರು ಮೇಯರ್. ಬುರುಲ್ಚಾ ಬಾಯಿ ತೆರೆದರು. ಮಾತು ಹೊರಡಲಿಲ್ಲ. ಮತ್ತೆ ತೆರೆದರು. ತಲೆವಸ್ತ್ರದ ತುದಿ ಕೈಯಲ್ಲಿ ಮುದ್ದೆಯಾಯಿತು. “ಯಾರಾದ್ರೂ ಎತ್ತಿಕೊಡ್ರಪ್ಪಾ” ಎಂದು ಹಿಂದಿನಿಂದ ಯಾರೋ ಕುಹಕವಾಡಿದರು. ಒಂದಿಬ್ಬರು ನಕ್ಕರು.

ಆಗ ಕುಬಾನಿಚ್ ಎದ್ದರು. ಅಪ್ಪನ ಹೆಸರು ಹೇಳುತ್ತಾರೆ, ಮುಗಿಯಿತು ಕಥೆ ಎಂದುಕೊಂಡೆ. ಅವರು ಟೋಪಿ ತೆಗೆದು ಎದೆಗೆ ಹಿಡಿದರು. “ಓರೊಜ್‌ಬೆಕ್ ಅಂತ ಬರ್ಕೊಳ್ಳಿ ಮೇಯರ್ರೇ. ಈ ಎಜೆ ನಾಳೆ ತನಕ ನಿಂತ್ರೂ ಹೇಳಲ್ಲ. ನಂಗೊತ್ತು” ಎಂದು ಹೇಳಿ ಕೂತರು. ನನ್ನ ಕಣ್ಣು ತುಂಬಿತು, ಅದರಲ್ಲಿ ಮುಚ್ಚಿಡುವುದೇನೂ ಇಲ್ಲ.

ಒಲೆ ಈಗ ಚೆನ್ನಾಗಿ ಹತ್ತಿಕೊಂಡಿದೆ. ನಿನ್ನೆ ಬಂದ ಹೊಸ ಫಲಕ ಗೋಡೆಗೆ ಒರಗಿದೆ. ಬುರುಲ್ಚಾ ಅದರ ಮುಂದೆ ಮಂಡಿಯೂರಿ, ಒದ್ದೆ ಬಟ್ಟೆಯಿಂದ ಒಂದೊಂದೇ ಅಕ್ಷರ ಒರೆಸುತ್ತಾರೆ. ಇನ್ನೇನು ಆಸೆ ಎಜೆ ಎಂದು ಕೇಳುತ್ತೇನೆ.

“ಓದಿ ಅಂತ ಯಾರೂ ಕೇಳದಿದ್ರೆ ಸಾಕು” ಎನ್ನುತ್ತಾರೆ. “ಒರೆಸೋ ಕೆಲಸ ಮಾತ್ರ ನನಗೇ ಬಿಡ್ಲಿ.”